ಇಂದಿನ ಧಮ್ಮಚಿಂತನ: ಕಾಡಿನ ಸುತ್ತುನಡಿಗೆಗೆ ಯೋಜನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ಕಡೆಯ ಬಳಗದವರು ಒಂದು ಭಾನುವಾರ ಒಟ್ಟಿಗೆ ಕಾಡಿನಲ್ಲಿ ನಡೆಯೋಣ ಎಂಬ ಮಾತು ಕೆಲವು ದಿನಗಳಿಂದ ನಡೆದಿದೆ. ಜಾಗ ಜೋಗಿಮಟ್ಟಿ ಎಂದು ಹೆಚ್ಚು ಕಡಿಮೆ ಎಲ್ಲರೂ ಒಪ್ಪಿದ್ದೀರಿ. ಹೋದ ದಾರಿಯಲ್ಲೇ ವಾಪಸು ಬರದೆ, ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿದು ಹೊರಟಲ್ಲಿಗೇ ಬಂದು ಸೇರುವ ಸುತ್ತುನಡಿಗೆ. ತೀರಾ ಸುಲಭವೂ ಬೇಡ, ತೀರಾ ಕಷ್ಟವೂ ಬೇಡ. ಅದಕ್ಕೆ ಯೋಜನೆ ಹಾಕುವುದು ಹೇಗೆ ಎಂಬುದೇ ಇಂದಿನ ಪಾಠ. ಯಾರ ಕಾಲನ್ನು ಲೆಕ್ಕಕ್ಕೆ ಹಿಡಿದು ಯೋಜನೆ ಹಾಕುತ್ತೇವೆ ಎಂಬುದರಲ್ಲಿ ನಾವು ಕಲಿತ ಧಮ್ಮ ಎಷ್ಟು ಎಂಬುದು ತಿಳಿಯುತ್ತದೆ.

*ನಾವು ಯಾಕೆ ಹೋಗಬೇಕು?*

ಕಾಡು ನೋಡಲು ಹೋಗುವುದು ಹೊಟ್ಟೆ ತುಂಬಿದವರ ಶೋಕಿಯಲ್ಲವೇ ಎಂದು ಕೆಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಅಜ್ಜಿಯರು ಕಾಡಿಗೆ ಹೋದದ್ದು ಸೌದೆಗೆ, ಹುಲ್ಲಿಗೆ, ಊಟದೆಲೆ ಹಚ್ಚಲು ಮುತ್ತುಗದ ಎಲೆಗೆ. ತೊಗಲು ಹದಮಾಡುತ್ತಿದ್ದ ಮನೆಗಳ ತಾತಂದಿರು ಹೋದದ್ದು ತಂಗಡಿ ಚಕ್ಕೆಗೆ. ತಲೆಯ ಮೇಲೆ ಹೊರೆ ಇಲ್ಲದೆ ಕಾಡಿನಿಂದ ಮನೆಗೆ ಬಂದ ನೆನಪು ನಮ್ಮ ಮನೆಗಳಲ್ಲಿ ಕಡಿಮೆ. ಹಾಗಾಗಿಯೇ ಒಮ್ಮೆ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರೋಣ. ಅದೇ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗೋಣ.

*ಹಳೆಯ ಕಾಡು ಎಂದರೇನು?*

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್ ಮರಗಳ ಚಿತ್ರಗಳನ್ನು ಹಲವರು ಫೋನಿನಲ್ಲಿ ನೋಡಿದ್ದೀರಿ. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು 115 ಮೀಟರ್ ದಾಟಿದೆ. ಅತಿ ಹಳೆಯವಕ್ಕೆ 2000 ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನ ಇದೆಯಲ್ಲ, ಕ್ರಿ.ಪೂ. 3ನೇ ಶತಮಾನದ್ದು, ಹೆಚ್ಚು ಕಡಿಮೆ ಆ ಕಾಲದಲ್ಲಿ ಮೊಳೆತ ಮರಗಳು ಅವು. ಬಿ.ಎಲ್. ರೈಸ್ 1892ರಲ್ಲಿ ಆ ಶಾಸನವನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಎಂಬುದು ಅದರ ಸಾರದಲ್ಲಿ ಒಂದು ಭಾಗ.

ರೆಡ್‌ವುಡ್ ಬೇರು ಆಳಕ್ಕೆ ಹೋಗುವುದಿಲ್ಲ, ಎರಡು ಮೂರು ಮೀಟರ್ ಅಷ್ಟೇ. ಆದರೆ ಅಗಲಕ್ಕೆ ಬಹಳ ದೂರ ಹರಡಿ ಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ಅಷ್ಟೆತ್ತರದ ಮರ ಗಾಳಿಗೆ ನಿಲ್ಲುವುದಕ್ಕೆ ಈ ಹೆಣಿಗೆಯೇ ಆಸರೆ. ಹಳೆಯ ಮರ ಬಿದ್ದರೆ ಅದರ ಬುಡದ ಸುತ್ತ ಚಿಗುರೊಡೆದು ಮರಗಳ ಒಂದು ಬಳೆಯೇ ಏಳುತ್ತದೆ. 1850ರ ಈಚೆಗೆ ಕಡಿದು ಕಡಿದು, ಆ ಹಳೆಯ ಕಾಡಿನಲ್ಲಿ ಇಂದು ಉಳಿದಿರುವುದು ನೂರರಲ್ಲಿ ಐದು ಪಾಲು ಮಾತ್ರ.

ಜೋಗಿಮಟ್ಟಿಯಲ್ಲಿ ಅಂಥ ಮರ ಹುಡುಕಬೇಡಿ. ನಮ್ಮದು ಕಡಿಮೆ ಮಳೆಯ, ಎಲೆ ಉದುರುವ ಕಾಡು. ನಮ್ಮ ಸೀಮೆಯ ಇಂಥ ಕಾಡಿನಲ್ಲಿ ಕಮರ, ದಿಂಡಿಗ, ಮುತ್ತುಗ, ಕಕ್ಕೆ, ತಂಗಡಿ, ಸೀತಾಫಲ ಸಿಗುತ್ತವೆ. ಕಮರದ ಎಲೆ ಜೋಡಿ ಎಲೆ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಅದರ ಮರ ನಮ್ಮ ದೇಶದ ಅತಿ ಗಟ್ಟಿ, ಅತಿ ಭಾರದ ಮರಗಳಲ್ಲಿ ಒಂದು. ಬರದ ನೆಲದಲ್ಲಿ ತೊಲೆಗಾತ್ರ ಬೆಳೆದ ಕಮರ ಕಂಡರೆ ಅದು ಹಲವು ತಲೆಮಾರು ಕಂಡ ಮರ ಎಂದು ತಿಳಿಯಿರಿ. ಎತ್ತರ ನೋಡಿ ವಯಸ್ಸು ಹೇಳಲು ಆಗುವುದಿಲ್ಲ, ಮರಕ್ಕೂ ಮನುಷ್ಯರಿಗೂ.

*1. ಯಾವಾಗ?*

ಮಳೆಗಾಲದಲ್ಲಿ ಭಿಕ್ಖುಗಳು ತಿರುಗಾಡುತ್ತ ಹಸಿರು ಹುಲ್ಲು, ಸಣ್ಣ ಜೀವಿಗಳನ್ನು ತುಳಿಯುತ್ತಾರೆ ಎಂದು ಜನ ಆಕ್ಷೇಪಿಸಿದರು. ಆಗ ಭಗವಾನರು ವರ್ಷಾವಾಸದ ನಿಯಮ ಮಾಡಿದರು ಎಂದು ವಿನಯಪಿಟಕ ಹೇಳುತ್ತದೆ. ಜನರ ದೂರನ್ನು ಕೇಳಿ ಸಂಘದ ನಡಿಗೆಯನ್ನೇ ಬದಲಿಸಿದರು ಎಂಬುದನ್ನು ಗಮನಿಸಿ. ನಾವೂ ಮಳೆ ನಿಂತು ದಾರಿ ಗಟ್ಟಿಯಾದ ಮೇಲೆ ಹೋಗೋಣ. ಫೆಬ್ರವರಿ ಮೇಲೆ ಹುಲ್ಲು ಒಣಗಿ ಬೆಂಕಿಯ ಭಯ, ಬಿಸಿಲೂ ಹೆಚ್ಚು. ಡಿಸೆಂಬರ್ 6ರ ಮಹಾಪರಿನಿರ್ವಾಣ ದಿನ ಕಳೆದ ಮೇಲಿನ ಒಂದು ಭಾನುವಾರ ಸರಿಹೋಗುತ್ತದೆ.

ಹೊರಡುವ ಹೊತ್ತನ್ನು ಚಿತ್ರದುರ್ಗದವರು ಗೊತ್ತು ಮಾಡುವುದು ಬೇಡ. ಹೊಸದುರ್ಗದವರಿಗೆ ದೂರ ಹೆಚ್ಚು. ಅವರ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೋ ನೋಡಿ ಅಲ್ಲಿಂದ ಲೆಕ್ಕ ಹಾಕೋಣ. ಬೆಳಗಿನ ಬಸ್ಸು ಸಿಗದವರು ಹಿಂದಿನ ರಾತ್ರಿಯೇ ಬಂದು ದುರ್ಗದ ಮನೆಗಳಲ್ಲಿ ಉಳಿಯಲಿ.

*2. ಅನುಮತಿ*

ಜೋಗಿಮಟ್ಟಿ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಎಷ್ಟು ಜನ, ಎಷ್ಟು ಹೊತ್ತು ಎಂದು ಮೊದಲೇ ಬರೆದು ಕೊಟ್ಟು ಅನುಮತಿ ಪಡೆಯೋಣ. ಯಾವ ದಾರಿ ತೆರೆದಿದೆ ಎಂದು ಇಲಾಖೆಯವರು ತೋರಿಸುತ್ತಾರೋ ಅದೇ ನಮ್ಮ ಸುತ್ತು. ಅಲ್ಲಿ ಚಿರತೆ, ಕರಡಿ, ಕೊಂಡಕುರಿ ಇವೆ. ಕರಡಿ ಬಂಡೆ ಸಂದಿಯಲ್ಲಿ ಮಲಗುತ್ತದೆ, ಮುಂಜಾವು ಮುಸ್ಸಂಜೆಯಲ್ಲಿ ಓಡಾಡುತ್ತದೆ. ಹಾಗಾಗಿ ಬಿಸಿಲು ಬಿದ್ದ ಮೇಲೆ ಹೊರಟು, ಹೊತ್ತಿರುವಾಗಲೇ ಹೊರಗೆ ಬರಬೇಕು. ಗವಿ, ಬಂಡೆ ಸಂದಿಗಳಲ್ಲಿ ಇಣುಕುವುದು, ಪಟಕ್ಕಾಗಿ ದಾರಿ ಬಿಡುವುದು ಬೇಡ.

*3. ಎಷ್ಟು ದೂರ?*

ಮಧ್ಯಮ ಎಂದರೆ ಯಾರಿಗೆ ಮಧ್ಯಮ? ಇಪ್ಪತ್ತರ ಹುಡುಗನಿಗೆ ಮಧ್ಯಮವಾದದ್ದು ಅರವತ್ತೈದರ ಅವ್ವನಿಗೆ ಅತಿ. ಸೋಣ ಎಂಬ ಭಿಕ್ಖುವಿನ ಕಥೆ ನಿಮಗೆ ಗೊತ್ತು. ಸಿರಿವಂತರ ಮನೆಯ ಮೆತ್ತಗಿನ ಪಾದ. ರಾಜಗೃಹದ ಸೀತವನದಲ್ಲಿ ಹಟ ಹಿಡಿದು ಚಂಕ್ರಮಣ ಮಾಡಿ ಅಂಗಾಲು ಒಡೆದು ನೆಲವೆಲ್ಲ ರಕ್ತವಾಯಿತು. ವೀಣೆಯ ತಂತಿಯನ್ನು ಅತಿ ಬಿಗಿದರೂ ನಾದವಿಲ್ಲ, ಸಡಿಲ ಬಿಟ್ಟರೂ ನಾದವಿಲ್ಲ ಎಂದು ಭಗವಾನರು ಅವನಿಗೆ ತಿಳಿಹೇಳಿದರು.

ಲೆಕ್ಕ ಹೀಗೆ ಹಾಕೋಣ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಒಂದು ಸೂತ್ರ ಬೆಟ್ಟ ಹತ್ತುವವರಲ್ಲಿ ಇಂದಿಗೂ ಬಳಕೆಯಲ್ಲಿದೆ: ಗಂಟೆಗೆ ಸುಮಾರು 5 ಕಿಲೋಮೀಟರ್, ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಅದು ಗಟ್ಟಿ ಕಾಲಿನವರ ಲೆಕ್ಕ. ನಾವು ಗಂಟೆಗೆ 3 ಕಿಲೋಮೀಟರ್ ಹಿಡಿಯೋಣ. ಸುತ್ತು 8 ಕಿಲೋಮೀಟರ್, ಏರು 300 ಮೀಟರ್ ಇದ್ದರೆ, ನಡಿಗೆಗೆ 2 ಗಂಟೆ 40 ನಿಮಿಷ, ಏರಿಗೆ 30 ನಿಮಿಷ, ನಡುವೆ ಕೂರಲು 30 ನಿಮಿಷ, ಬುತ್ತಿಗೂ ಧ್ಯಾನಕ್ಕೂ 1 ಗಂಟೆ. ಒಟ್ಟು 5 ಗಂಟೆ ಎನ್ನಿ. ಬೆಳಗ್ಗೆ 8ಕ್ಕೆ ಹೊರಟರೆ 1ಕ್ಕೆ ಮುಗಿಯುತ್ತದೆ.

ಸುತ್ತುದಾರಿಯಲ್ಲಿ ಒಂದು ಎಚ್ಚರ ಬೇಕು. ಅರ್ಧ ದಾಟಿದ ಮೇಲೆ ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೆ ಹೋದರೂ ಅಷ್ಟೇ ದೂರ. ಆದ್ದರಿಂದ ಸುಸ್ತಾದವರ ವಿಚಾರ ಅರ್ಧಕ್ಕೆ ಮುಂಚೆಯೇ ತೀರ್ಮಾನವಾಗಬೇಕು. 10:30ಕ್ಕೆ ಅರ್ಧದಾರಿ ಮುಟ್ಟದಿದ್ದರೆ ಎಲ್ಲರೂ ಹೋದ ದಾರಿಯಲ್ಲೇ ವಾಪಸು. "ನೀವು ಇಲ್ಲೇ ಕೂತಿರಿ, ನಾವು ಸುತ್ತಿ ಬರುತ್ತೇವೆ" ಎಂದು ಯಾರನ್ನೂ ಒಂಟಿಯಾಗಿ ಕೂರಿಸುವ ಹಾಗಿಲ್ಲ. ಇನ್ನೊಂದು: ಕಡಿದಾದ ಕಡೆಯಿಂದ ತಂಪು ಹೊತ್ತಿನಲ್ಲಿ ಹತ್ತಿ, ಇಳುಕಲು ಕಡಿಮೆ ಇರುವ ಕಡೆಯಿಂದ ಇಳಿಯೋಣ. ಹಿರಿಯರ ಮಂಡಿಗೆ ನೋವು ಕೊಡುವುದು ಏರಿಗಿಂತ ಇಳಿಜಾರು.

*4. ಕಾಲಿಗೆ ಏನು?*

ಸೋಣನ ಕಥೆ ವೀಣೆಗೆ ಮುಗಿಯುವುದಿಲ್ಲ. ಮುಂದೆ ಭಗವಾನರು ಅವನಿಗೆ ಒಂದು ಪದರದ ಪಾದರಕ್ಷೆ ಹಾಕಲು ಅನುಮತಿ ಕೊಟ್ಟರು. ನನಗೊಬ್ಬನಿಗೆ ಬೇಡ, ಸಂಘಕ್ಕೆಲ್ಲ ಕೊಟ್ಟರೆ ನಾನೂ ಹಾಕುತ್ತೇನೆ ಎಂದ ಸೋಣ. ಅನುಮತಿ ಎಲ್ಲರಿಗೂ ಸಿಕ್ಕಿತು. ಮೇಲುಕೇರಿಯ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮಕ್ಕಳು ನಾವು. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟವರೂ ನಮ್ಮವರೇ. ಈ ಕಥೆಯ ತೂಕ ನಮಗೆ ಬಿಡಿಸಿ ಹೇಳಬೇಕಿಲ್ಲ. ಕೆಲಸ ಮಾತ್ರ ಒಂದಿದೆ: ಹವಾಯಿ ಚಪ್ಪಲಿಯಲ್ಲಿ ಜಲ್ಲಿ ಇಳಿಜಾರು ಇಳಿಯಲಾಗದು. ಶೂ ಇಲ್ಲದವರು ಯಾರು ಎಂದು ತಾಲ್ಲೂಕುವಾರು ಮೊದಲೇ ಕೇಳಿ, ಎರಡನೇ ಜೊತೆ ಇರುವವರು ಕೊಡಲಿ. ಹೊಸದಾದರೆ ಒಂದು ವಾರ ಮನೆಯಲ್ಲೇ ಹಾಕಿ ರೂಢಿ ಮಾಡಿಕೊಳ್ಳಲಿ.

*5. ನೀರು*

ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್. 5 ಗಂಟೆಗೆ ಎರಡೂವರೆ, ಕೈಕಾಯಲು ಅರ್ಧ ಸೇರಿಸಿ 3 ಲೀಟರ್. ದಾರಿಯಲ್ಲಿ ಸಿಗುವ ಹೊಂಡದ ನೀರು ಕಾಡುಪ್ರಾಣಿಗಳದ್ದು, ಅದನ್ನು ನಂಬಿ ಹೋಗಬೇಡಿ. 3 ಲೀಟರ್ ಎಂದರೆ 3 ಕಿಲೋ ಭಾರ. ಹಿರಿಯರ ಪಾಲಿನದನ್ನು ಹುಡುಗರು ಹೊರಬೇಕು.

ಬಾಬಾಸಾಹೇಬರು 1934ರಲ್ಲಿ ಸಂಗಾತಿಗಳ ಜೊತೆ ವೇರುಳದ ಬೌದ್ಧ ಗುಹೆಗಳನ್ನು ನೋಡಲು ಪ್ರವಾಸ ಹೊರಟಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಧೂಳಾದ ಮುಖ, ಕೈಕಾಲನ್ನು ಬಾಗಿಲ ಹೊರಗಿನ ಕೊಳದ ನೀರಿನಿಂದ ತೊಳೆದುಕೊಂಡಿದ್ದಕ್ಕೆ ಕೊಳ ಮೈಲಿಗೆಯಾಯಿತೆಂದು ಜನ ಮುತ್ತಿಕೊಂಡು ಬೈದರು. ಕೊನೆಗೆ ಕೋಟೆ ನೋಡಲು ಬಿಟ್ಟಾಗಲೂ ಎಲ್ಲಿಯೂ ನೀರು ಮುಟ್ಟದಂತೆ ಕಾಯಲು ಬಂದೂಕಿನ ಸಿಪಾಯಿಯನ್ನು ಜೊತೆಗೆ ಕಳಿಸಿದರು. "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆಗ ಅವರು ಬ್ಯಾರಿಸ್ಟರ್, ದುಂಡುಮೇಜಿನ ಪರಿಷತ್ತಿಗೆ ಹೋಗಿ ಬಂದವರು. ನಮ್ಮ ನಡಿಗೆಯಲ್ಲಿ ನೀರಿಗೆ ಕಾವಲು ಇರಬಾರದು. ಯಾರ ಬಾಟಲಿ ಖಾಲಿಯಾದರೂ ಪಕ್ಕದವರದು ಅವರದೇ. ಬೇರೆ ಸಮುದಾಯದ ಗೆಳೆಯರು ಬಂದರೆ ಅವರಿಗೂ ಇದೇ ನಿಯಮ.

*6. ಬುತ್ತಿ*

ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಬಾಳೆಹಣ್ಣು ಸಾಕು. ಆದರೆ ಬುತ್ತಿ ಕಟ್ಟುವ ಕೆಲಸ ಹೆಂಗಸರದೇ ಆದರೆ ಅವರ ನಡಿಗೆ ಬೆಳಗಿನ ಜಾವ 4ಕ್ಕೇ ಶುರುವಾಗಿರುತ್ತದೆ. ಈ ಸಲ ಆ ಕೆಲಸ ಗಂಡಸರದು. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂಬುದನ್ನೂ ಅನುಮತಿ ಕೇಳುವ ದಿನವೇ ವಿಚಾರಿಸಿ ಬರಬೇಕು. ಪ್ಲಾಸ್ಟಿಕ್ ಪೊಟ್ಟಣ ಒಯ್ದವರೇ ವಾಪಸು ತರಬೇಕು.

*7. ಮುಂದೆ ಯಾರು?*

ಒಮ್ಮೆ ಕೆಲವು ಭಿಕ್ಖುಗಳು ಮುಂದೆ ಓಡಿ ಮಲಗುವ ಜಾಗಗಳನ್ನೆಲ್ಲ ಹಿಡಿದುಕೊಂಡರು. ಸಾರಿಪುತ್ತರಿಗೆ ಮರದ ಬುಡವೇ ಗತಿಯಾಯಿತು. ಮೊದಲ ಆಸನ, ಮೊದಲ ನೀರು ಯಾರಿಗೆ ಸಲ್ಲಬೇಕು ಎಂದು ಭಗವಾನರು ಕೇಳಿದರು. ಕ್ಷತ್ರಿಯ ಕುಲದಿಂದ ಬಂದವರಿಗೆ ಎಂದರು ಕೆಲವರು, ಬ್ರಾಹ್ಮಣ ಕುಲದವರಿಗೆ ಎಂದರು ಕೆಲವರು. ಆಗ ಭಗವಾನರು ಹೇಳಿದ್ದು ತಿತ್ತಿರ ಜಾತಕದ ಕಥೆ. ಒಂದು ದೊಡ್ಡ ಆಲದ ಮರದ ಬಳಿ ಆನೆ, ಕೋತಿ, ತಿತ್ತಿರ ಹಕ್ಕಿ ಇದ್ದವು. ಹಿರಿಯರು ಯಾರು? ನಾನು ಮರಿಯಾಗಿದ್ದಾಗ ಈ ಮರದ ತುದಿ ನನ್ನ ಹೊಟ್ಟೆಗೆ ತಾಗುತ್ತಿತ್ತು ಎಂದಿತು ಆನೆ. ನಾನು ನೆಲದಲ್ಲಿ ಕೂತೇ ಇದರ ತುದಿಚಿಗುರು ತಿಂದಿದ್ದೇನೆ ಎಂದಿತು ಕೋತಿ. ನಾನು ತಿಂದು ಹಾಕಿದ ಹಣ್ಣಿನ ಬೀಜದಿಂದಲೇ ಇದು ಹುಟ್ಟಿತು ಎಂದಿತು ಹಕ್ಕಿ. ಅಂದಿನಿಂದ ಉಳಿದೆರಡೂ ಆ ಪುಟ್ಟ ಹಕ್ಕಿಯ ಮಾತು ಕೇಳಿ ನಡೆದವು.

ಹಿರಿತನಕ್ಕೆ ಇಲ್ಲಿ ಕುಲ ಲೆಕ್ಕವಿಲ್ಲ, ಗಾತ್ರವೂ ಲೆಕ್ಕವಿಲ್ಲ. ಮರವನ್ನು ಯಾರು ಹೆಚ್ಚು ಕಾಲದಿಂದ ಬಲ್ಲರು ಎಂಬುದೇ ಲೆಕ್ಕ. ನಮ್ಮಲ್ಲಿ ಮರವನ್ನು ಬಲ್ಲವರು ಯಾರು? ಓದಿದ ನಾವಲ್ಲ. ಸೌದೆಗೆ ಹೋದ ಅಜ್ಜಿಗೆ ಯಾವ ಕಟ್ಟಿಗೆ ಹೊಗೆಯಾಡುತ್ತದೆ, ಯಾವುದು ಕೆಂಡ ನಿಲ್ಲಿಸುತ್ತದೆ ಗೊತ್ತು. ತಂಗಡಿ ಚಕ್ಕೆ ತಂದ ತಾತನಿಗೆ ಯಾವ ಚಕ್ಕೆ ತೊಗಲಿಗೆ ಹಿಡಿಯುತ್ತದೆ ಗೊತ್ತು. ಅದನ್ನು ವಿದ್ಯೆ ಎಂದು ಯಾರೂ ಕರೆಯಲಿಲ್ಲ, ಕೇಳಿಯೂ ನೋಡಲಿಲ್ಲ. ಆದ್ದರಿಂದ ಸಾಲಿನ ಮುಂದೆ ಹಿರಿಯರು. ಅವರ ವೇಗವೇ ಎಲ್ಲರ ವೇಗ. ಕೊನೆಯಲ್ಲಿ ಇಬ್ಬರು ಗಟ್ಟಿ ಹುಡುಗರು, ಅವರ ಹಿಂದೆ ಯಾರೂ ಉಳಿಯಬಾರದು. ದೊಡ್ಡ ಮರ ಕಂಡಲ್ಲಿ ನಿಲ್ಲೋಣ. ಹಿರಿಯರು ಹೆಸರು, ಉಪಯೋಗ ಹೇಳಲಿ, ಮಕ್ಕಳು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ಮಂಡಿನೋವಿನಿಂದ ಬರಲಾಗದ ಹಿರಿಯರ ಮನೆಗೆ ಮೊದಲೇ ಹೋಗಿ, ಅವರು ಬಲ್ಲ ಮರಗಳ ಹೆಸರು ಕೇಳಿ ಬರೆದು ತರೋಣ. ಹಾಗೆ ಅವರೂ ನಮ್ಮ ಜೊತೆ ಬಂದ ಹಾಗಾಗುತ್ತದೆ.

*ಚಿಂತನೆಗೆ ಪ್ರಶ್ನೆಗಳು*

1. ನಿಮ್ಮ ಮನೆಯಲ್ಲಿ "ನೀವು ಹೋಗಿ ಬನ್ನಿ, ನಾನು ಇರುತ್ತೇನೆ" ಎಂದವರು ಯಾರು? ಯಾಕೆ ಹಾಗೆಂದರು?
2. ಬಳಗದ ಸಭೆ, ಮೆರವಣಿಗೆಗಳಲ್ಲಿ ನಾವು ಯಾರ ವೇಗಕ್ಕೆ ನಡೆಯುತ್ತಿದ್ದೇವೆ?

*ಇಂದಿನ ಅಭ್ಯಾಸ:* ಮನೆಯ ಅಥವಾ ಕೇರಿಯ ಒಬ್ಬ ಹಿರಿಯರ ಪಕ್ಕ ಕೂತು, ಅವರು ಚಿಕ್ಕಂದಿನಲ್ಲಿ ಕಾಡಿಗೆ ಯಾಕೆ ಹೋಗುತ್ತಿದ್ದರು ಎಂದು ಕೇಳಿ. ಐದು ಮರಗಳ ಹೆಸರು ಬರೆದುಕೊಳ್ಳಿ. ಸಂಜೆ ಗ್ರೂಪಿಗೆ ಹಾಕಿ. ಓದಲು ಬಾರದವರಿಗೆ ಈ ಪಾಠವನ್ನು ಓದಿ ಹೇಳಿ.

ನಮೋ ಬುದ್ಧಾಯ. ಜೈ ಭೀಮ್.