ಗೆದ್ದ ನಗರವನ್ನು ಏನು ಮಾಡಬೇಕು?

ಮಕ್ಕಳು ಕಂಪ್ಯೂಟರಿನಲ್ಲಿ ಸಾಮ್ರಾಜ್ಯ ಕಟ್ಟುವ ಆಟವಾಡುವಾಗ ನೀವು ಎಂದಾದರೂ ಪಕ್ಕದಲ್ಲಿ ಕುಳಿತು ನೋಡಿದ್ದೀರಾ? 2010ರಲ್ಲಿ ಬಂದ ‘ಸಿವಿಲೈಸೇಷನ್ 5’ ಇಂಥದೊಂದು ಆಟ. ಇದರಲ್ಲಿ ಶತ್ರುವಿನ ನಗರವನ್ನು ಗೆದ್ದೊಡನೆ ಆಟಗಾರನ ಮುಂದೆ ಒಂದು ಪ್ರಶ್ನೆ ಬರುತ್ತದೆ: ಈ ನಗರವನ್ನು ಏನು ಮಾಡುವೆ? ಉತ್ತರಗಳನ್ನು ಒಂದೊಂದಾಗಿ ನೋಡೋಣ.

1. ವಿಲೀನ: ನಗರ ಪೂರ್ತಿ ನಮ್ಮದಾಗುತ್ತದೆ. ಆದರೆ ಸೋತ ಜನರ ಅಸಮಾಧಾನ ಇಡೀ ರಾಜ್ಯದ ನೆಮ್ಮದಿಯನ್ನು ಕೆಡಿಸುತ್ತದೆ. ಅದು ಅತಿಯಾದರೆ ಊರುಗಳ ಬೆಳವಣಿಗೆ ಕುಂಠಿತವಾಗುತ್ತದೆ, ಸೈನಿಕರ ಬಲವೂ ಕುಗ್ಗುತ್ತದೆ. ಇದಕ್ಕೆ ಆಟ ಕೊಡುವ ಮದ್ದು ಗಮನಾರ್ಹ: ಆ ನಗರದಲ್ಲಿ ನ್ಯಾಯಾಲಯ ಕಟ್ಟಬೇಕು. ಅದಕ್ಕೆ ಸಮಯ ಬೇಕು, ನಡೆಸಲು ಹಣ ಬೇಕು.

2. ಕೈಗೊಂಬೆ: ನಗರ ನಮ್ಮ ಹಿಡಿತದಲ್ಲಿದ್ದರೂ ಅಲ್ಲಿ ಏನು ಕಟ್ಟಬೇಕೆಂಬುದನ್ನು ನಾವು ನಿರ್ಧರಿಸುವುದಿಲ್ಲ. ಅಸಮಾಧಾನ ಕಡಿಮೆ, ಆದಾಯ ಉಂಟು. ಬೇಕಾದರೆ ಮುಂದೆ ವಿಲೀನ ಮಾಡಿಕೊಳ್ಳಬಹುದು.

3. ನೆಲಸಮ: ಪ್ರತಿ ಸರದಿಗೂ ಜನಸಂಖ್ಯೆಯ ಅಂಕಿ ಒಂದೊಂದಾಗಿ ಇಳಿಯುತ್ತಾ ಕೊನೆಗೆ ನಗರವೇ ಅಳಿಸಿಹೋಗುತ್ತದೆ. ಆದರೆ ಮೂಲ ರಾಜಧಾನಿಗಳನ್ನು ಹೀಗೆ ಅಳಿಸಲಾಗದು. ಮನಸ್ಸು ಬದಲಾದರೆ ನಡುವೆಯೇ ನಿಲ್ಲಿಸಲೂಬಹುದು.

4. ಬಿಡುಗಡೆ: ಆ ನಗರವನ್ನು ಶತ್ರು ಬೇರೊಬ್ಬರಿಂದ ಕಿತ್ತುಕೊಂಡಿದ್ದರೆ, ಅದನ್ನು ಮೂಲದವರಿಗೆ ಹಿಂದಿರುಗಿಸಬಹುದು. ನಗರ ಕೈತಪ್ಪುತ್ತದೆ, ಸ್ನೇಹ ದೊರೆಯುತ್ತದೆ.

ನೆಲಸಮ ಮಾಡುವ ಹುಡುಗ ಕ್ರೂರಿಯೆಂದು ತಿಳಿಯಬೇಡಿ. ಅವನ ಲೆಕ್ಕ ಸರಿಯಾಗಿಯೇ ಇರಬಹುದು: ಸಣ್ಣ ಊರು, ಲಾಭಕ್ಕಿಂತ ಕಿರಿಕಿರಿ ಹೆಚ್ಚು. ಆದರೆ ಅಂಕಿ ಇಳಿದಾಗ ಅಲ್ಲಿದ್ದವರು ಎಲ್ಲಿಗೆ ಹೋದರು? ಆಟ ಇದನ್ನು ಕೇಳುವುದಿಲ್ಲ. ನಾವು ಕೇಳಬೇಕು.

ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಕ್ರಿ.ಪೂ. 146ರಲ್ಲಿ ರೋಮನರು ಕಾರ್ಥೇಜ್ ನಗರವನ್ನು ನಾಶಮಾಡಿ, ಬದುಕುಳಿದವರನ್ನು ಗುಲಾಮರನ್ನಾಗಿ ಮಾರಿದರು. ಮುಂದೆ ಅದೇ ಸ್ಥಳದಲ್ಲಿ ರೋಮನರೇ ಹೊಸ ನಗರ ಕಟ್ಟಿದರು. ಸಂತ ಸಿಪ್ರಿಯಾನರು ಧರ್ಮಾಧ್ಯಕ್ಷರಾಗಿದ್ದುದು, ಸಂತ ಅಗಸ್ಟೀನರು ವಿದ್ಯಾರ್ಥಿಯಾಗಿದ್ದುದು ಆ ಹೊಸ ಕಾರ್ಥೇಜಿನಲ್ಲಿ. ಊರು ಮರಳಿ ಬಂತು; ಮಾರಾಟವಾದ ಕುಟುಂಬಗಳು ಮರಳಲಿಲ್ಲ.

1539ರಲ್ಲಿ ಸ್ಪೇನಿನ ಸಾಲಮಾಂಕದಲ್ಲಿ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯಾ ಯುದ್ಧದ ನ್ಯಾಯದ ಕುರಿತು ಉಪನ್ಯಾಸ ಮಾಡಿದರು. ಗೆದ್ದವನು ದೂರುದಾರನಂತೆ ವರ್ತಿಸದೆ, ಎರಡು ರಾಜ್ಯಗಳ ನಡುವೆ ನ್ಯಾಯಾಧೀಶನಂತೆ ಕುಳಿತು, ಮಿತಿಯಿಂದಲೂ ವಿನಯದಿಂದಲೂ ನಡೆದುಕೊಳ್ಳಬೇಕೆಂಬುದು ಅವರ ಬೋಧನೆ. ಆಟದ ನ್ಯಾಯಾಲಯವೂ ಈ ಸತ್ಯಕ್ಕೆ ಹತ್ತಿರವಿದೆ: ಸೋತವರ ಸಿಟ್ಟನ್ನು ಕಾವಲು ಅಡಗಿಸಬಹುದು, ತಣಿಸುವುದು ನ್ಯಾಯವೇ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಇಡೀ ನಗರಗಳನ್ನು ಅಲ್ಲಿನ ಜನರೊಂದಿಗೆ ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮನುಷ್ಯನಿಗೂ ಎಸಗಿದ ಅಪರಾಧವೆಂದು ಸಾರಿತು.

ಆದ್ದರಿಂದ ಆಟವನ್ನು ನಿಷೇಧಿಸುವುದಕ್ಕಿಂತ ಪಕ್ಕದಲ್ಲಿ ಕುಳಿತು ಮಾತನಾಡುವುದು ಮೇಲು. ಪರದೆಯ ಮೇಲೆ ಯಾರೂ ಸಾಯುವುದಿಲ್ಲ, ನಿಜ. ಆದರೆ ಸೋತವರನ್ನು ಬರೀ ಅಂಕಿಯಾಗಿ ಕಾಣುವ ಅಭ್ಯಾಸ ಪರದೆಯ ಆಚೆಗೂ ಬರಬಹುದು. ಆಸ್ತಿಯ ವ್ಯಾಜ್ಯ ಗೆದ್ದ ಅಣ್ಣನ ಮುಂದೆ, ಚುನಾವಣೆ ಗೆದ್ದ ಪಕ್ಷದ ಮುಂದೆ ನಿಲ್ಲುವ ಪ್ರಶ್ನೆಯೂ ಇದೇ.

ಮನೆಯಲ್ಲಿ ಚರ್ಚಿಸಿರಿ:
• ನಾಲ್ಕರಲ್ಲಿ ಯಾವುದನ್ನು ಆರಿಸುವೆ? ಏಕೆ?
• ಆ ನಗರದಲ್ಲಿ ನಮ್ಮದೇ ಮನೆಯಿದ್ದರೆ ಉತ್ತರ ಬದಲಾಗುವುದೇ?
• ಜಗಳದಲ್ಲಿ ಗೆದ್ದ ಮೇಲೆ ಸೋತವರೊಡನೆ ನಾವು ಹೇಗೆ ನಡೆದುಕೊಳ್ಳುತ್ತೇವೆ?