ಬೆಳ್ಳಿಯ ಮೃಗಪಕ್ಷಿಗಳ ಬೆನ್ನಿನ ಬರಹ

ಅಂಗಡಿಗೆ ಬಂದ ಗಿರಾಕಿಯು ಒಡವೆಯನ್ನು ಎದುರಿನಿಂದ ನೋಡುವನು; ಅಕ್ಕಸಾಲಿಯು ಅದನ್ನು ಮಗುಚಿ ನೋಡುವನು. ಬೆಸುಗೆ ಎಲ್ಲಿದೆ, ತಗಡು ಎಷ್ಟು ದಪ್ಪ, ಒಳಗೆ ಅರಗು ತುಂಬಿದೆಯೇ ಎಂಬುದೆಲ್ಲ ಬೆನ್ನಿನ ಕಡೆಯಿಂದಲೇ ತಿಳಿಯತಕ್ಕದ್ದು. ನಮ್ಮ ತಂದೆಯವರದು ಇದೇ ಕಸುಬಾದುದರಿಂದ ನನಗೂ ಈ ಅಭ್ಯಾಸ ಚಿಕ್ಕಂದಿನಿಂದ ಬಂದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಮೇಲೆ, ಕಲ್ಲಿನ ಶಾಸನವನ್ನು ಓದುವಂತೆಯೇ ಒಡವೆಯ ಬೆನ್ನನ್ನೂ ಓದಬಹುದೆಂದು ನನಗೆ ತೋರಿತು. ಪ್ರಕೃತ ಲೇಖನದಲ್ಲಿ ಪರದೇಶಗಳ ಹಳೆಯ ಬೆಳ್ಳಿ ಒಡವೆಗಳ ಮೇಲಿನ, ಅದರಲ್ಲಿಯೂ ಪ್ರಾಣಿಗಳ ಆಕೃತಿಯ ಬ್ರೂಚು, ಪದಕ, ಬಳೆಗಳ ಮೇಲಿನ ಮುದ್ರೆಗಳನ್ನು ಗುರುತಿಸುವ ಬಗೆಯನ್ನು ವಿವರಿಸಲು ಯತ್ನಿಸಿದ್ದೇನೆ.

ಪ್ರಾಣಿಗಳೇ ಏಕೆ ಎಂದು ವಾಚಕರು ಕೇಳಬಹುದು. ಗೂಬೆ, ಬೆಕ್ಕು, ಮೀನು, ಹಲ್ಲಿ ಇವು ಎಲ್ಲ ದೇಶದವರಿಗೂ ಪ್ರಿಯವಾದ ಆಕೃತಿಗಳು. ಇಂಗ್ಲೆಂಡಿನ ಹಲ್ಲಿಯೂ ಮೆಕ್ಸಿಕೋದ ಹಲ್ಲಿಯೂ ದೂರಕ್ಕೆ ಒಂದೇ ಹಲ್ಲಿ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ಅನುಕರಿಸುವುದೂ ಇಲ್ಲಿ ಹೆಚ್ಚು. ಆದುದರಿಂದ ಮುಖ ನೋಡಿ ಕುಲ ಹೇಳುವುದು ಸಾಧ್ಯವಿಲ್ಲ, ಬೆನ್ನಿಗೇ ಹೋಗಬೇಕು.

ಮುದ್ರೆಯನ್ನು ನೋಡುವಾಗ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು: ಬೆಳ್ಳಿಯ ಶುದ್ಧಿ ಎಷ್ಟು? ಅದನ್ನು ಎಲ್ಲಿ, ಯಾವಾಗ ಪರೀಕ್ಷಿಸಿದರು? ಮಾಡಿದವರು ಯಾರು? ‘925’ ಎಂಬ ಅಂಕಿಯನ್ನು ಕಂಡೊಡನೆ ಅನೇಕರು ಎಲ್ಲವೂ ತಿಳಿಯಿತೆಂದು ತೃಪ್ತರಾಗುತ್ತಾರೆ. ಅದು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದ 75 ಸಾಮಾನ್ಯವಾಗಿ ತಾಮ್ರ ಎಂದಷ್ಟೇ ಅದರ ಅರ್ಥ. ಇಂಗ್ಲಿಷಿನಲ್ಲಿ ‘ಸ್ಟರ್ಲಿಂಗ್’ ಎಂದು ಬರೆದಿದ್ದರೂ ಇದೇ ತೂಕ.

ಈ ವಿದ್ಯೆಯಲ್ಲಿ ಹಿರಿಯರು ಇಂಗ್ಲಿಷರು. 1300ರಲ್ಲಿ ಒಂದನೆಯ ಎಡ್ವರ್ಡನ ಕಾಯಿದೆಯು ಪರೀಕ್ಷೆಯಾದ ಬೆಳ್ಳಿಗೆ ಚಿರತೆಯ ತಲೆಯ ಗುರುತನ್ನು ವಿಧಿಸಿತು. 1544ರಿಂದ ನಡೆಯುವ ಸಿಂಹವು ಬಂದಿತು. ಅದೇ ಸ್ಟರ್ಲಿಂಗಿನ ಚಿಹ್ನೆ. ಪರೀಕ್ಷೆ ನಡೆದ ಊರನ್ನು ಇನ್ನೊಂದು ಚಿಹ್ನೆ ಹೇಳುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ 1773ರಲ್ಲಿ ಪರೀಕ್ಷಾಲಯ ಸ್ಥಾಪಿತವಾಯಿತು; ಅದರ ಗುರುತು ಲಂಗರು. ಆ ಊರಿಗೆ ಸಮುದ್ರವೇ ಇಲ್ಲವೆಂಬುದು ಒಂದು ಸೋಜಿಗ. ಚೆಸ್ಟರಿನದು ಮೂರು ಗೋಧಿಯ ಸಿವುಡು ಮತ್ತು ಕತ್ತಿ. ಹ್ಯಾಲಿಫ್ಯಾಕ್ಸಿನ ಚಾರ್ಲ್ಸ್ ಹಾರ್ನರ್ ಸಂಸ್ಥೆಯ ಒಡವೆಗಳಲ್ಲಿ ‘ಸಿ. ಎಚ್.’ ಎಂಬ ಅಕ್ಷರಗಳೊಡನೆ ಹಲವು ಬಾರಿ ಈ ಚೆಸ್ಟರಿನ ಮುದ್ರೆಯೇ ಇರುತ್ತದೆ. ಚೆಸ್ಟರಿನ ಪರೀಕ್ಷಾಲಯವು 1962ರಲ್ಲಿ ಮುಚ್ಚಿತು; ಆದುದರಿಂದ ಆ ಮುದ್ರೆ ನಿಜವಾದುದಾದರೆ ಒಡವೆ ಅದಕ್ಕಿಂತ ಈಚಿನದಾಗಲಾರದು. ವರ್ಷಕ್ಕೊಂದು ಅಕ್ಷರವನ್ನು ಹಾಕುವ ಪದ್ಧತಿಯೂ ಇದೆ. ಆದರೆ ಅಕ್ಷರಮಾಲೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಬರುವುದರಿಂದ, ಅಕ್ಷರದ ಬರವಣಿಗೆಯನ್ನೂ ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಪಟ್ಟಿಯೊಡನೆ ಹೋಲಿಸದೆ ವರ್ಷವನ್ನು ಹೇಳಿಬಿಡಬಾರದು. ತೀರ ಹಗುರವಾದ ಒಡವೆಗಳಿಗೆ ಈ ನಿಯಮದಿಂದ ವಿನಾಯಿತಿಯುಂಟು. ಮುದ್ರೆಯಿಲ್ಲದ ಮಾತ್ರಕ್ಕೆ ಚಿಕ್ಕದೊಂದು ಜೇನ್ನೊಣದ ಪಿನ್ನನ್ನು ಸುಳ್ಳೆನ್ನಲಾಗದು.

ಫ್ರಾನ್ಸಿನಲ್ಲಿ ವಿಷಯ ಇನ್ನೂ ವಿನೋದವಾಗಿದೆ. ಅಲ್ಲಿ 1838ರಿಂದ ಚಿಕ್ಕ ಬೆಳ್ಳಿ ವಸ್ತುಗಳಿಗೆ ಪ್ಯಾರಿಸಿನಲ್ಲಿ ಹಂದಿಯ ತಲೆಯನ್ನೂ, ಹೊರ ಪ್ರಾಂತಗಳಲ್ಲಿ ಏಡಿಯನ್ನೂ ಒತ್ತುತ್ತಿದ್ದರು. ಯಾವ ದೇಶದ್ದೆಂದು ತಿಳಿಯದೆ ಹೊರಗಿನಿಂದ ಬಂದ ಬೆಳ್ಳಿಗೆ 1893ರಿಂದ ಹಂಸ. ಹೀಗಾಗಿ ಎದುರಿಗೆ ಚಿಟ್ಟೆ, ಬೆನ್ನಿಗೆ ಹಂದಿ! ಇವೆಲ್ಲ ಸರಕಾರದ ಮುದ್ರೆಗಳು. ತಯಾರಕನ ಮುದ್ರೆಯಾದರೋ ವಜ್ರಾಕೃತಿಯ ಪುಟ್ಟ ಚೌಕಟ್ಟಿನೊಳಗೆ ಬೇರೆಯಾಗಿ, ಅಕ್ಷರಗಳು ಮತ್ತು ಒಂದು ಸಂಕೇತದಿಂದ ಕೂಡಿ ಇರುತ್ತದೆ. ಹಂದಿಯ ತಲೆಯನ್ನು ತಯಾರಕನ ಲಾಂಛನವೆಂದು ತಿಳಿದು ಹುಡುಕಿದರೆ ಹುಡುಕಾಟಕ್ಕೆ ಕೊನೆಯಿರಲಾರದು.

ಡೆನ್ಮಾರ್ಕಿನ ಜಾರ್ಜ್ ಜೆನ್ಸನ್ (1866-1935) ಕೋಪನ್‌ಹೇಗನ್ನಿನಲ್ಲಿ 1904ರಲ್ಲಿ ತನ್ನ ಕಮ್ಮಟವನ್ನು ತೆರೆದನು. ಆ ಸಂಸ್ಥೆಯ ಜಿಂಕೆ, ಹಕ್ಕಿ, ಡಾಲ್ಫಿನ್ ಬ್ರೂಚುಗಳು ಸಂಗ್ರಾಹಕರಿಗೆಲ್ಲ ಪರಿಚಿತ. ಇಲ್ಲಿ ಕಲಿಯಬೇಕಾದ ಒಂದು ಸೂಕ್ಷ್ಮವಿದೆ. ಪ್ರತಿಯೊಂದು ನಮೂನೆಗೂ ಒಂದು ಸಂಖ್ಯೆಯುಂಟು. ಆರ್ನೋ ಮಾಲಿನೋವ್‌ಸ್ಕಿ ರಚಿಸಿದ ಜಿಂಕೆಯ ಬ್ರೂಚಿಗೆ 256. ಈ ಸಂಖ್ಯೆ ಯಾವ ನಮೂನೆಯೆಂದು ಹೇಳುವುದೇ ಹೊರತು, ಆ ಒಂದು ಬ್ರೂಚು ಎಂದು ತಯಾರಾಯಿತೆಂದು ಹೇಳುವುದಿಲ್ಲ. ಅದನ್ನು ಹೇಳುವುದು ಸಂಸ್ಥೆಯ ಮುದ್ರೆ: ಮಣಿಗಳ ಚೌಕದೊಳಗೆ ‘ಜಿ. ಜೆ.’ ಎಂಬ ಎರಡೇ ಅಕ್ಷರಗಳಿದ್ದರೆ 1933ರಿಂದ 1944ರವರೆಗಿನದು. ಚುಕ್ಕೆಗಳ ಅಂಡಾಕಾರದೊಳಗೆ ಪೂರ್ಣ ಹೆಸರಿದ್ದರೆ 1945ರಿಂದ ಈಚಿನದು. ಯುದ್ಧಕ್ಕೆ ಮುಂಚೆ ಹುಟ್ಟಿದ ನಮೂನೆಯನ್ನು ಯುದ್ಧವಾದ ಮೇಲೆ ತಯಾರಿಸಿರಬಹುದು. ಅದು ನಕಲಿಯಲ್ಲ, ಆದರೆ ಹಳೆಯದೂ ಅಲ್ಲ.

ಇನ್ನು ಮೆಕ್ಸಿಕೋ. ನನಗೆ ಅತ್ಯಂತ ಆಸಕ್ತಿಯನ್ನುಂಟುಮಾಡಿದ್ದು ಈ ದೇಶವೇ. ಅಮೆರಿಕದ ಟುಲೇನ್ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪವನ್ನು ಕಲಿಸುತ್ತಿದ್ದ ವಿಲಿಯಂ ಸ್ಪ್ರಾಟ್ಲಿಂಗ್ (1900-1967) ಎಂಬಾತನು 1929ರಲ್ಲಿ ಟಾಸ್ಕೋ ಎಂಬ ಬೆಟ್ಟದೂರಿಗೆ ಬಂದು ನೆಲಸಿದನು. ಬೆಳ್ಳಿಯ ಗಣಿಗೆ ಹೆಸರಾಗಿದ್ದ ಆ ಊರಿನಲ್ಲಿ 1931ರಲ್ಲಿ ಕಮ್ಮಟವನ್ನು ಆರಂಭಿಸಿ, ಸ್ಥಳೀಯ ಹುಡುಗರನ್ನು ಸೇರಿಸಿಕೊಂಡು ಕೆಲಸ ಕಲಿಸಿದನು. ಸ್ಪೇನಿನವರು ಬರುವುದಕ್ಕೆ ಮುಂಚಿನ ಅಲ್ಲಿಯ ಪ್ರಾಚೀನ ಶಿಲ್ಪದಿಂದ ಜಾಗ್ವಾರ್ ಮೊದಲಾದ ಮೃಗಗಳನ್ನು ತೆಗೆದುಕೊಂಡು ಬ್ರೂಚುಗಳನ್ನು ಮಾಡಿಸಿದನು. ಆತನ ಬಳಿ ಪಳಗಿದ ಆಂಟೋನಿಯೋ ಕಾಸ್ಟಿಲ್ಲೋ, ಎಕ್ಟರ್ ಅಗಿಲಾರ್ ಮುಂತಾದವರು ಮುಂದೆ ತಮ್ಮ ತಮ್ಮ ಕಮ್ಮಟಗಳನ್ನು ತೆರೆದರು. ಕಾಸ್ಟಿಲ್ಲೋನ ಪತ್ನಿಯಾಗಿದ್ದ ಮಾರ್ಗೋ 1948ರಲ್ಲಿ ತನ್ನದೇ ಅಂಗಡಿಯನ್ನಿಟ್ಟಳು. ಬಣ್ಣದ ಮೀನಾಕಾರಿಯ ಆಕೆಯ ಹಾವು, ಮೀನುಗಳು ಪ್ರಸಿದ್ಧ.

ಸುಮಾರು 1948ರಿಂದ ಮೆಕ್ಸಿಕೋ ಸರಕಾರವು ಹದ್ದಿನ ಮುದ್ರೆಯನ್ನು ಜಾರಿಗೆ ತಂದಿತು. ಹದ್ದಿನ ಎದೆಯಲ್ಲಿ ಒಂದು ಅಂಕಿ. ಮೊದಲು ಒಂದೊಂದು ಕಮ್ಮಟಕ್ಕೆ ಒಂದೊಂದು ಅಂಕಿಯಿತ್ತು: ಸ್ಪ್ರಾಟ್ಲಿಂಗನಿಗೆ 30, ಅಗಿಲಾರನಿಗೆ 9, ಕಾಸ್ಟಿಲ್ಲೋ ಸೋದರರಿಗೆ 15, ಮಾರ್ಗೋಗೆ 16. ಬರಬರುತ್ತ ಅಂಕಿಯು ಊರನ್ನು ಸೂಚಿಸುವಂತಾಗಿ, 3 ಎಂದರೆ ಟಾಸ್ಕೋ, 1 ಎಂದರೆ ಮೆಕ್ಸಿಕೋ ನಗರ ಎಂದು ರೂಢಿಯಾಯಿತು. 1979-80ರ ಸುಮಾರಿಗೆ ಹದ್ದು ಹೋಗಿ ಎರಡು ಅಕ್ಷರ ಮತ್ತು ಒಂದು ಸಂಖ್ಯೆಯ ಪದ್ಧತಿ ಬಂದಿತು. ಮೊದಲಕ್ಷರ ಊರಿನದು, ಎರಡನೆಯದು ತಯಾರಕನದು.

ಈ ತಿಳಿವು ಒಮ್ಮೆ ನಮ್ಮ ಅಂಗಡಿಯಲ್ಲಿಯೇ ಉಪಯೋಗಕ್ಕೆ ಬಂದಿತು. ನಮ್ಮೂರಿನ ಹಿರಿಯರೊಬ್ಬರು ತಮ್ಮ ಯಜಮಾನರು ಎಂದೋ ಪರದೇಶದಿಂದ ತಂದಿದ್ದ ಮೀನಿನ ಬ್ರೂಚನ್ನು ತಂದು, “ಇದರ ಮುಳ್ಳು ಮುರಿದಿದೆಯಪ್ಪ, ಯಾರೂ ಹಾಕಿಕೊಳ್ಳುವುದಿಲ್ಲ. ಕರಗಿಸಿ ಮೊಮ್ಮಗುವಿಗೆ ಕಾಲ್ಗಡಗ ಮಾಡಿಕೊಡಿ” ಎಂದರು. ತಂದೆಯವರು ಒರೆಗಲ್ಲಿಗೆ ತಿಕ್ಕಿ ನೋಡಿ ಬೆಳ್ಳಿ ಒಳ್ಳೆಯದೆಂದರು. ನಾನು ಭೂತಗನ್ನಡಿಯನ್ನು ತಂದು ನೋಡಲು, ಬಾಲದ ಹಿಂದೆ ಹದ್ದು, ಅದರೊಳಗೆ 3, ಪಕ್ಕದಲ್ಲಿ ‘ಸ್ಟರ್ಲಿಂಗ್’ ಎಂಬ ಬರಹ. ಇದು ಟಾಸ್ಕೋದ ಕೆಲಸ, ಅಲ್ಲಿ ಹದ್ದಿನ ಮುದ್ರೆ ನಿಂತುಹೋದುದಕ್ಕೆ ಮುಂಚಿನದು ಎಂದು ಹೇಳಿದೆನು. “ಬೆಳ್ಳಿ ಬೆಳ್ಳಿಯೇ ಕಣೋ, ಅದಕ್ಕೆ ಹದ್ದು ಬಂದು ಸಾಕ್ಷಿ ಹೇಳಬೇಕೇ?” ಎಂದು ತಂದೆಯವರು ನಕ್ಕರು. ಆ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮುಳ್ಳು ಮಾತ್ರ ಹಾಕಿಕೊಡಿ” ಎಂದರು. ಹಳೆಯ ಮುಳ್ಳು ಕೂತಿದ್ದುದು ಮುದ್ರೆಯ ಮಗ್ಗುಲಲ್ಲಿಯೇ. ತಂದೆಯವರು ಏನೂ ಹೇಳದೆ ಹೊಸ ಬೆಸುಗೆಯನ್ನು ಅರ್ಧ ಅಂಗುಲ ಆಚೆಗೆ ಸರಿಸಿ ಹಾಕಿದರು.

ಮುದ್ರೆಯನ್ನು ಹುಡುಕುವವರಿಗೆ ಕೆಲವು ಮಾತು. ಬ್ರೂಚಿನ ಬೆನ್ನು, ಕೊಕ್ಕೆಯ ನಾಲಗೆ, ಉಂಗುರದ ಒಳಮೈ, ಪದಕದ ಬಳೆ ಇವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಿಯಲ್ಲಿ, ಓರೆಯಾದ ಬೆಳಕಿನಲ್ಲಿ ನೋಡಬೇಕು. ನೋಡುವ ಮೊದಲೇ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬಾರದು. ಗೆರೆಗಳಲ್ಲಿ ಕೂತ ಕಪ್ಪೇ ಅಕ್ಷರವನ್ನು ಎತ್ತಿ ತೋರಿಸುವುದು. ಠಸ್ಸೆಯಿಂದ ಒತ್ತಿದ ಮುದ್ರೆಯ ಅಂಚು ಚೂಪಾಗಿರುತ್ತದೆ. ನಿಜವಾದ ಒಡವೆಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಮುದ್ರೆಯೂ ಎರಕದೊಡನೆಯೇ ಬಂದು, ಅಂಚು ಕರಗಿದ ಬೆಲ್ಲದಂತೆ ಮೊಂಡಾಗಿರುತ್ತದೆ. ಅಮೆರಿಕದ ಒಡವೆಯಲ್ಲಿ ಸರಕಾರದ ಪರೀಕ್ಷಾಲಯದ ಮುದ್ರೆಯನ್ನು ಹುಡುಕಬೇಕಾಗಿಲ್ಲ. ಅಲ್ಲಿ ಅಂತಹ ಪದ್ಧತಿಯೇ ಇಲ್ಲ. ಶುದ್ಧಿಯ ಗುರುತನ್ನು ಹಾಕಿದವರು ತಮ್ಮ ನೋಂದಾಯಿತ ಲಾಂಛನವನ್ನೂ ಹಾಕಬೇಕೆಂದು ಅಲ್ಲಿಯ ಕಾಯಿದೆಗೆ 1961ರಲ್ಲಿ ತಿದ್ದುಪಡಿಯಾಯಿತು. ‘ಇ. ಪಿ. ಎನ್. ಎಸ್.’ ಎಂಬ ನಾಲ್ಕು ಅಕ್ಷರಗಳನ್ನು ನಾಲ್ಕು ಪುಟ್ಟ ಚೌಕಟ್ಟುಗಳಲ್ಲಿ ಗಂಭೀರವಾಗಿ ಒತ್ತಿರುವುದನ್ನು ಕಂಡು ಮೋಸಹೋಗಬಾರದು. ಅದು ಬೆಳ್ಳಿಯ ನೀರು ಕೊಟ್ಟ ಲೋಹ. ‘ಅಲ್ಪಾಕ’ ಎಂದಿದ್ದರೆ ನಮ್ಮ ಸಂತೆಯ ಜರ್ಮನ್ ಬೆಳ್ಳಿಯೇ. ತಾಮ್ರ, ಸತು, ನಿಕ್ಕಲ್ ಮೂರೂ ಅದರಲ್ಲಿವೆ, ಬೆಳ್ಳಿ ಮಾತ್ರ ಇಲ್ಲ.

ತಯಾರಕನ ಮುದ್ರೆಯೆಂದು ನಾವು ಹೇಳುವುದು ವಾಸ್ತವವಾಗಿ ಕಮ್ಮಟದ ಒಡೆಯನ ಮುದ್ರೆ. ಸ್ಪ್ರಾಟ್ಲಿಂಗನ ಕೂಡಕ್ಷರವಿರುವ ಜಾಗ್ವಾರನ್ನು ತಟ್ಟಿದ ಕೈ ಟಾಸ್ಕೋದ ಯಾವನೋ ಒಬ್ಬ ಹುಡುಗನದು. ಸಂಗ್ರಾಹಕರು ಈ ಭೇದವನ್ನು ಅಷ್ಟಾಗಿ ಗಮನಿಸುವುದಿಲ್ಲ. ಕಸುಬಿನ ಮನೆಯಲ್ಲಿ ಹುಟ್ಟಿದ ನನಗೆ ಅದನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ನಮ್ಮ ದೇಶದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಹಾಕುವ ಪದ್ಧತಿಯು 2005ರಲ್ಲಿ ಬಂದಿತು. 2025ರ ಸೆಪ್ಟೆಂಬರಿನಿಂದ, ಇಷ್ಟವಿದ್ದವರಿಗೆ, ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತೂ ಸೇರಿದೆ. ಅದರಿಂದ ಮಾರಿದ ಅಂಗಡಿಯನ್ನೂ ಪರೀಕ್ಷಿಸಿದ ಕೇಂದ್ರವನ್ನೂ ತಿಳಿಯಬಹುದು. ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಮಾಡಿಕೊಟ್ಟಿರುವ ಗೆಜ್ಜೆ, ಉಡಿದಾರ, ನಂದಿಯ ಪದಕಗಳಲ್ಲಿ ಯಾವ ಗುರುತೂ ಇಲ್ಲ. ಈ ರಜೆಯಲ್ಲಿ ಉಕ್ಕಿನ ಮೊಳೆಯೊಂದರ ತುದಿಯನ್ನು ಅರದಿಂದ ಉಜ್ಜಿ, ಅವರ ಹೆಸರಿನ ಮೊದಲಕ್ಷರವನ್ನು ತಿರುಗುಮುರುಗಾಗಿ ಕೊರೆಯುತ್ತಿದ್ದೇನೆ. ಅಕ್ಷರ ಇನ್ನೂ ಸರಿಯಾಗಿ ಮೂಡಿಲ್ಲ. ಒತ್ತಕ್ಷರದ ಬಾಲ ಬಹಳ ಸಣ್ಣದು.