ಯಂತ್ರಶಾಲೆಯಿಂದ ಉಡ್ಡಯನ ವೇದಿಕೆಗೆ

ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರೆಂದು ಕೇಳಿದರೆ ಐದನೆಯ ತರಗತಿಯ ಮಗುವೂ ನೀಲ್ ಆರ್ಮ್‌ಸ್ಟ್ರಾಂಗ್ ಎಂದು ಉತ್ತರಿಸೀತು. ಆದರೆ 1969ನೆಯ ಇಸವಿ ಜುಲೈ 16ರ ಬೆಳಿಗ್ಗೆ ಅವರನ್ನು ನೌಕೆಯೊಳಗೆ ಕೂರಿಸಿ, ಎಲ್ಲವೂ ಸರಿಯಿದೆಯೆಂದು ನೋಡಿ, ಬಾಗಿಲು ಮುಚ್ಚಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಹೇಳುವವರು ವಿರಳ. ಅವರ ಹೆಸರು ಗುಂಟರ್ ವೆಂಟ್. ಅವರು ವಿಜ್ಞಾನಿಯೂ ಅಲ್ಲ, ಗಗನಯಾತ್ರಿಯೂ ಅಲ್ಲ. ಸೈನ್ಯದಲ್ಲಿ ದುಡಿದು, ಲಾರಿಗಳನ್ನು ರಿಪೇರಿ ಮಾಡಿ, ಕೊನೆಗೆ ಗಗನನೌಕೆಗಳ ಹೊಣೆ ಹೊತ್ತ ತಂತ್ರಜ್ಞರು. ಅವರ ಬಾಳಿನಿಂದ ನಾವು ಕಲಿಯಬೇಕಾದ ಪಾಠವೊಂದಿದೆ.

ವೆಂಟ್ ಹುಟ್ಟಿದ್ದು 1923ರಲ್ಲಿ, ಜರ್ಮನಿಯ ಬರ್ಲಿನ್ ನಗರದಲ್ಲಿ. ವಿಮಾನ ಕಟ್ಟುವ ಕೆಲಸವನ್ನು ಅವರು ಕಾರ್ಖಾನೆಯಲ್ಲಿ ಕೈಯಿಂದಲೇ ಕಲಿತರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ತರುಣ ವೆಂಟ್ ಜರ್ಮನ್ ವಾಯುಪಡೆಯನ್ನು ಸೇರಿ, ರಾತ್ರಿ ಹಾರುವ ಯುದ್ಧವಿಮಾನಗಳಲ್ಲಿ ಫ್ಲೈಟ್ ಇಂಜಿನಿಯರ್ ಆಗಿ ಕೆಲಸ ಮಾಡಿದರು. ಹಾರುತ್ತಿರುವಾಗ ಯಂತ್ರಗಳ ಮೇಲೆ ಕಣ್ಣಿಟ್ಟಿರುವುದು ಈ ಕೆಲಸದವನ ಹೊಣೆ. ಹಿಟ್ಲರನ ಆ ಯುದ್ಧ ಲೋಕಕ್ಕೆಲ್ಲ ದುಃಖವನ್ನು ತಂದಿತು, ಕೊನೆಗೆ ಜರ್ಮನಿಯನ್ನೂ ಹಾಳುಗೆಡವಿತು. 1945ರಲ್ಲಿ ಯುದ್ಧ ಮುಗಿದಾಗ ವೆಂಟ್ ಅವರ ಬಳಿ ಉಳಿದಿದ್ದುದು ಕೈಯಲ್ಲಿನ ವಿದ್ಯೆಯೊಂದೇ.

1949ರಲ್ಲಿ ಅವರು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿದ್ದ ತಂದೆಯ ಬಳಿಗೆ ಹೋದರು. ಅಲ್ಲಿ ಮ್ಯಾಕ್‌ಡೊನೆಲ್ ಎಂಬ ದೊಡ್ಡ ವಿಮಾನ ಕಾರ್ಖಾನೆಯಿತ್ತು. ಆದರೆ ಅವರು ಆ ದೇಶದ ಪ್ರಜೆಯಲ್ಲ; ನಾಲ್ಕು ವರ್ಷಗಳ ಹಿಂದಿನವರೆಗೂ ಶತ್ರುವಾಗಿದ್ದ ದೇಶದವರು. ಕೆಲಸ ಸಿಗಲಿಲ್ಲ. ವೆಂಟ್ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಲಾರಿ ರಿಪೇರಿಯ ಮೆಕ್ಯಾನಿಕ್ ಕೆಲಸ ಹಿಡಿದರು. ಅಲ್ಲಿಯೇ ಶ್ರದ್ಧೆಯಿಂದ ದುಡಿದು ಮೇಲ್ವಿಚಾರಕರಾದರು. 1955ರಲ್ಲಿ ಅಮೆರಿಕದ ಪೌರತ್ವ ದೊರೆಯಿತು. ಹಿಂದೆ ಮುಚ್ಚಿದ್ದ ಅದೇ ಕಾರ್ಖಾನೆಯ ಬಾಗಿಲು ಆಗ ತೆರೆಯಿತು.

ಆ ಕಾರ್ಖಾನೆಯೇ ಮುಂದೆ ಅಮೆರಿಕದ ಮೊದಲ ಮಾನವಸಹಿತ ಗಗನನೌಕೆಯಾದ ಮರ್ಕ್ಯುರಿಯನ್ನು ಕಟ್ಟಿತು. ವೆಂಟ್ ಅವರು ಫ್ಲಾರಿಡಾ ರಾಜ್ಯದ ಕೇಪ್ ಕೆನವರಲ್‌ನಲ್ಲಿ ಉಡ್ಡಯನ ವೇದಿಕೆಯ ಮುಖ್ಯಸ್ಥರಾದರು. ರಾಕೆಟ್ಟಿನ ತುದಿಯಲ್ಲಿ ನೌಕೆ ಇರುತ್ತದೆ. ಅದರ ಬಾಗಿಲಿಗೆ ತಾಗಿದಂತೆ ಒಂದು ಚಿಕ್ಕ ಕೊಠಡಿ. ಅದಕ್ಕೆ ಬಿಳಿಕೋಣೆ ಎಂದು ಹೆಸರು. ಗಗನಯಾತ್ರಿ ಬರುವ ಮೊದಲು ನೌಕೆಯೊಳಗಿನ ಒಂದೊಂದು ಸ್ವಿಚ್ಚೂ ಇರಬೇಕಾದ ಸ್ಥಾನದಲ್ಲಿದೆಯೇ ಎಂದು ಪಟ್ಟಿ ಹಿಡಿದು ನೋಡಬೇಕು. ಯಾತ್ರಿಯನ್ನು ಆಸನಕ್ಕೆ ಬಿಗಿಯಬೇಕು. ಆಮ್ಲಜನಕದ ಕೊಳವೆ, ರೇಡಿಯೊ ತಂತಿಗಳನ್ನು ಜೋಡಿಸಬೇಕು. ಬಾಗಿಲು ಮುಚ್ಚಿದ ಮೇಲೆ ಎಲ್ಲಿಯಾದರೂ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಒಳಗೆ ಒಂದು ಸ್ಕ್ರೂ ಮರೆತುಹೋಯಿತೆನ್ನಿ. ಭಾರವಿಲ್ಲದ ಸ್ಥಿತಿಯಲ್ಲಿ ಅದು ತೇಲಾಡಿ ಯಾವ ಯಂತ್ರದ ಸಂದಿಗೆ ಸಿಕ್ಕಿಕೊಂಡೀತೋ ಹೇಳುವವರಾರು?

ಬಿಳಿಕೋಣೆಯಲ್ಲಿ ವೆಂಟ್ ಅವರ ಮಾತೇ ಕೊನೆಯ ಮಾತು. ಅವರ ಅಪ್ಪಣೆಯಿಲ್ಲದೆ ಯಾರೂ ಏನನ್ನೂ ಮುಟ್ಟುವಂತಿರಲಿಲ್ಲ. ಒಮ್ಮೆ ಒಬ್ಬ ಇಂಜಿನಿಯರ್ ಅಪ್ಪಣೆಗೆ ಕಾಯದೆ ನೌಕೆಯಲ್ಲಿ ಏನೋ ಬದಲಾವಣೆ ಮಾಡಹೊರಟಾಗ, ವೆಂಟ್ ಕಾವಲುಗಾರರನ್ನು ಕರೆಸಿ ಅವನನ್ನು ಹೊರಗೆ ಕಳುಹಿಸಿಬಿಟ್ಟರು. ಗಗನಯಾತ್ರಿಗಳು ಅವರ ಕಟ್ಟುನಿಟ್ಟನ್ನೂ ಜರ್ಮನ್ ಉಚ್ಚಾರಣೆಯ ಇಂಗ್ಲಿಷನ್ನೂ ತಮಾಷೆ ಮಾಡುತ್ತಿದ್ದರು. ಆದರೆ ಪ್ರಾಣವನ್ನು ಒಪ್ಪಿಸುವಾಗ ಅವರಿಗೆ ವೆಂಟ್ ಅವರೇ ಬೇಕಾಗಿತ್ತು.

1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಅವರು ಭೂಮಿಯನ್ನು ಸುತ್ತಲು ಹೊರಟರು. ನೌಕೆಯ ಬಾಗಿಲನ್ನು 70 ಬೋಲ್ಟುಗಳಿಂದ ಬಿಗಿಯುವಾಗ ಅವುಗಳಲ್ಲಿ ಒಂದು ಮುರಿದಿರುವುದು ಕಂಡುಬಂದಿತು. ಉಳಿದ 69 ಸಾಲದೇ ಎಂದು ಯಾರಾದರೂ ಕೇಳಬಹುದು. ಆದರೆ ಸಾಲದು ಎಂದೇ ತೀರ್ಮಾನವಾಯಿತು. ಬಾಗಿಲನ್ನು ಮತ್ತೆ ಬಿಚ್ಚಿ, ಹೊಸ ಬೋಲ್ಟು ಹಾಕಿದರು. ಇದಕ್ಕೆ ಸುಮಾರು 40 ನಿಮಿಷ ತಡವಾಯಿತು. ಲೋಕವೆಲ್ಲ ಕಾದಿತ್ತು, ಕಾಯಲಿ!

ಗ್ಲೆನ್ ಅವರ ಪತ್ನಿಗೆ ವೆಂಟ್ ಹೇಳಿದ ಮಾತು ನೆನಪಿಡುವಂತಹದು. ನಿಮ್ಮ ಯಜಮಾನರು ಸುರಕ್ಷಿತವಾಗಿ ಮರಳುವರೆಂದು ಭರವಸೆ ಕೊಡಲಾರೆ, ಕೊಟ್ಟರೆ ಅದು ಸುಳ್ಳಾದೀತು. ಹೊರಡುವಾಗ ನೌಕೆ ಸಾಧ್ಯವಿರುವಷ್ಟೂ ಸರಿಯಾದ ಸ್ಥಿತಿಯಲ್ಲಿರುವುದೆಂದು ಮಾತ್ರ ಮಾತು ಕೊಡಬಲ್ಲೆ. ಏನಾದರೂ ಆದರೆ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು, ನಮ್ಮ ಕೈಲಾದುದನ್ನೆಲ್ಲ ಮಾಡಿದ್ದೆವು ಎಂದು ಹೇಳುವಂತಿರಬೇಕು ಎಂಬುದು ಆ ಮಾತಿನ ಸಾರ. ಗ್ಲೆನ್ ಮೂರು ಸುತ್ತು ಸುತ್ತಿ ಕ್ಷೇಮವಾಗಿ ಹಿಂತಿರುಗಿದರು.

ಚಂದ್ರಯಾನದ ಅಪೋಲೊ ನೌಕೆಯನ್ನು ಕಟ್ಟುವ ಕೆಲಸ ಬೇರೊಂದು ಸಂಸ್ಥೆಗೆ ಹೋಯಿತು. ಹೀಗಾಗಿ ವೆಂಟ್ ಅವರು ಆ ವೇದಿಕೆಯಲ್ಲಿ ಇರಲಿಲ್ಲ. 1967ರ ಜನವರಿ 27ರಂದು ನೌಕೆಯ ಪರೀಕ್ಷೆಯೊಂದು ನಡೆಯುತ್ತಿತ್ತು. ರಾಕೆಟ್ಟಿಗೆ ಇಂಧನವನ್ನೇ ತುಂಬಿರಲಿಲ್ಲ. ಆದುದರಿಂದ ಅಪಾಯವಿಲ್ಲವೆಂದು ಎಲ್ಲರೂ ತಿಳಿದಿದ್ದರು. ನೌಕೆಯೊಳಗೆ ಶುದ್ಧ ಆಮ್ಲಜನಕವನ್ನು ಹೊರಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ತುಂಬಿದ್ದರು. ಅಂತಹ ಕಡೆ ಒಂದು ಕಿಡಿ ಸಾಕು. ಬೆಂಕಿ ಹೊತ್ತಿತು. ಒಳಬಾಗಿಲು ಒಳಕ್ಕೆ ತೆರೆಯುವಂತಹದು. ಏರಿದ ಒತ್ತಡ ಅದನ್ನು ಬಿಗಿಯಾಗಿ ಅದುಮಿ ಹಿಡಿಯಿತು. ಗ್ರಿಸಂ, ವೈಟ್, ಚಾಫಿ ಎಂಬ ಮೂವರು ಗಗನಯಾತ್ರಿಗಳು ನೆಲದ ಮೇಲೆಯೇ ಪ್ರಾಣ ಕಳೆದುಕೊಂಡರು.

ವೆಂಟ್ ಅಲ್ಲಿದ್ದಿದ್ದರೆ ಇದು ತಪ್ಪುತ್ತಿತ್ತೆಂದು ಹೇಳಲಾಗದು, ಏಕೆಂದರೆ ದೋಷ ನೌಕೆಯ ರಚನೆಯಲ್ಲೇ ಇತ್ತು. ಅನಂತರ ಬಾಗಿಲನ್ನು ಕೆಲವೇ ಸೆಕೆಂಡುಗಳಲ್ಲಿ ಹೊರಕ್ಕೆ ತೆರೆಯುವಂತೆ ಬದಲಾಯಿಸಿದರು. ಉಡ್ಡಯನದ ಸಮಯದಲ್ಲಿ ಶುದ್ಧ ಆಮ್ಲಜನಕಕ್ಕೆ ಬದಲು ಶೇಕಡ 60 ಆಮ್ಲಜನಕ, 40 ಸಾರಜನಕದ ಮಿಶ್ರಣವನ್ನು ತುಂಬಿದರು. ಆದರೂ ಮುಂದಿನ ಯಾನದ ನಾಯಕರಾದ ವಾಲಿ ಶಿರ್ರಾ ಅವರಿಗೆ ಸಮಾಧಾನವಾಗಲಿಲ್ಲ. ವೆಂಟ್ ಅವರನ್ನೇ ಕರೆಸಬೇಕೆಂದು ಪಟ್ಟು ಹಿಡಿದರು. ಸಂಸ್ಥೆ ಒಪ್ಪಿತು. 1968ರ ಅಕ್ಟೋಬರ್ 11ರಂದು ಅಪೋಲೊ 7 ಹೊರಟಾಗ ಬಾಗಿಲ ಬಳಿ ನಿಂತಿದ್ದವರು ವೆಂಟ್ ಅವರೇ.

ಮರುವರ್ಷ ಅಪೋಲೊ 11ರ ಯಾತ್ರಿಗಳು ಬಿಳಿಕೋಣೆಗೆ ಬಂದಾಗ ವೆಂಟ್ ತಮಾಷೆಗಾಗಿ ಅವರಿಗೊಂದು ದೊಡ್ಡ ಬೀಗದ ಕೈ ಕೊಟ್ಟರು. ಅದು ಚಂದ್ರನ ಬೀಗದ ಕೈಯಂತೆ! ಆರ್ಮ್‌ಸ್ಟ್ರಾಂಗ್ ಪ್ರತಿಯಾಗಿ ಗ್ರಹದಿಂದ ಗ್ರಹಕ್ಕೆ ಹೋಗುವ ಟ್ಯಾಕ್ಸಿಯ ಟಿಕೇಟು ಕೊಟ್ಟರು. ಹೊರಡುವ ಘಳಿಗೆಯಲ್ಲಿ ಹೀಗೆ ನಗಲು ಸಾಧ್ಯವಾದದ್ದು, ಮಾಡಬೇಕಾದ ಪರೀಕ್ಷೆಗಳೆಲ್ಲ ಕ್ರಮವಾಗಿ ನಡೆದಿದ್ದುದರಿಂದಲೇ. ವೆಂಟ್ 1989ರಲ್ಲಿ ನಿವೃತ್ತರಾಗಿ, 2010ರಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳೇ, ನಾವು ಗಡಿಯಾಚೆ ಕನ್ನಡದಲ್ಲಿ ಓದುವವರು. ನಮ್ಮ ಇಂಗ್ಲಿಷಿನಲ್ಲಿ ಊರಿನ ವಾಸನೆಯಿರುತ್ತದೆಂದು ಕೆಲವರಿಗೆ ಸಂಕೋಚ. ವೆಂಟ್ ಅವರ ಇಂಗ್ಲಿಷಿನಲ್ಲಿ ಜರ್ಮನಿಯ ವಾಸನೆ ಕೊನೆಯವರೆಗೂ ಹೋಗಲಿಲ್ಲ. ಅದರಿಂದ ಅವರ ಕೆಲಸಕ್ಕೆ ಕುಂದಾಗಲಿಲ್ಲ. ಮಾತಿನ ಧಾಟಿಗಿಂತ ಕೈಯ ನಿಷ್ಠೆ ದೊಡ್ಡದು.

ಹೆತ್ತವರಲ್ಲೂ ಒಂದು ಮಾತು. ಮಗ ಡಾಕ್ಟರನೋ ಇಂಜಿನಿಯರನೋ ಆಗದಿದ್ದರೆ ಬಾಳೇ ಹಾಳಾಯಿತೆಂದು ಕೊರಗಬೇಡಿ. ಮಗಳು ಸ್ಪಾನರ್ ಹಿಡಿದರೆ ನಗಬೇಡಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ ನಮ್ಮ ವಾಯುಪಡೆಯ ತಾಂತ್ರಿಕ ತರಬೇತಿ ಶಾಲೆಗಳಿವೆ. ಎಚ್.ಎ.ಎಲ್., ಇಸ್ರೋಗಳಂತಹ ಸಂಸ್ಥೆಗಳು ಎಸ್.ಎಸ್.ಎಲ್.ಸಿ. ಅನಂತರ ಐ.ಟಿ.ಐ. ಕಲಿತ ತಂತ್ರಜ್ಞರನ್ನೂ ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎಂಬ ಹೆಸರುಗಳು ಚಿಕ್ಕವಾಗಿ ಕಾಣಬಹುದು. ಆದರೆ ಆ ಕೈಗಳು ಬಿಗಿದ ಬೋಲ್ಟನ್ನು ನಂಬಿಯೇ ವಿಮಾನವೂ ರಾಕೆಟ್ಟೂ ಮೇಲೇರುತ್ತವೆ.

ಈ ಅಭ್ಯಾಸವನ್ನು ಇಂದೇ ಆರಂಭಿಸಬಹುದು. ಲೆಕ್ಕ ಮಾಡಿ ಮುಗಿಸಿದ ಮೇಲೆ ತಾಳೆ ನೋಡಿ. ಪ್ರಯೋಗಶಾಲೆಯಿಂದ ಹೊರಡುವಾಗ ಗ್ಯಾಸಿನ ನಲ್ಲಿಯನ್ನು ಮತ್ತೊಮ್ಮೆ ನೋಡಿ. ತಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸುವ ಮುನ್ನ ಬ್ರೇಕ್ ಹಿಡಿದು ನೋಡಿ. ಅದು ನಿಮ್ಮ ಬಿಳಿಕೋಣೆ. ಆ ತಮ್ಮನು ನಿಮ್ಮನ್ನು ನಂಬಿ ಕುಳಿತ ಯಾತ್ರಿ.